ಎಳೆ ಬಿಟ್ಟ ಜಾಗ

ಆ ಭಾನುವಾರ ಬೆಳಿಗ್ಗೆ ಸೀತಾಲಕ್ಷ್ಮಿಯವರ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಯನಗರ ಒಂಬತ್ತನೇ ಬ್ಲಾಕಿನ ಪಾರ್ಕಿನಲ್ಲಿ ದಿನಾ ವಾಕಿಂಗ್ ಮಾಡುವ ಹೆಂಗಸರೆಲ್ಲ ಬಂದು ಕೂತಿದ್ದರು. ಮಂಡಿ ನೋವಿನವರು ಸೋಫಾದ ಮೇಲೆ, ಮಂಡಿ ನೆಟ್ಟಗಿದ್ದವರು ಚಾಪೆಯ ಮೇಲೆ. ಎಲ್ಲರ ತೊಡೆಯ ಮೇಲೂ ಒಂದೊಂದು ಪರೀಕ್ಷೆಯ ಪ್ಯಾಡು, ಪ್ಯಾಡಿಗೆ ಸಿಕ್ಕಿಸಿದ ಬಿಳಿ ಹಾಳೆ, ಹಾಳೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು.

"ಇದೇನೇ ಶ್ವೇತಾ ಇದು, ಚುಕ್ಕಿ ಇಡೋದಕ್ಕೂ ಒಂದು ಲೆಕ್ಕ ಬೇಡ್ವೇ? ಯಾರೋ ಸೀನಿದ ಹಾಗಿದೆ," ಎಂದರು ಅಲಮೇಲು. ಪಾರ್ಕಿನ ಗುಂಪಿಗೆಲ್ಲ ರಂಗೋಲಿಯಲ್ಲಿ ಅವರೇ ಹಿರಿಯರು. ಮಿಕ್ಕವರ ರಂಗೋಲಿಯಲ್ಲಿ ತಪ್ಪು ಹುಡುಕುವುದರಲ್ಲೂ.

"ಇವು ನಾವು ಇಟ್ಟ ಚುಕ್ಕಿ ಅಲ್ರೀ ಆಂಟಿ. ಒಂದೊಂದೂ ಒಂದೊಂದು ನಕ್ಷತ್ರ."

"ಅಂಗಾದ್ರೆ ಇಟ್ಟೋನು ಮ್ಯಾಲಿನೋನು ಬಿಡಿ ಅಲಮೇಲಮ್ಮ," ಎಂದರು ತಲಘಟ್ಟಪುರದಿಂದ ಮಗಳ ಮನೆಗೆ ಬಂದು ಇಲ್ಲೇ ಬೇರುಬಿಟ್ಟಿದ್ದ ತಿಮ್ಮಕ್ಕ. "ಅವನಿಗೆ ಬುದ್ಧಿ ಯೋಳಕ್ಕಾಯ್ತದಾ?"

ಶ್ವೇತಾ ಕೊಪ್ಪಳದ ಕಡೆಯ ಹುಡುಗಿ. ಮೊದಲು ಬಿಟಿಎಂ ಲೇಔಟಿನ ಪಿ.ಜಿ.ಯೊಂದರಲ್ಲಿದ್ದಳು. ಅಲ್ಲಿ ಅದೇ ರೂಮಿನ ಇನ್ನಿಬ್ಬರು ಹುಡುಗಿಯರು ಅಮೆರಿಕದ ಟೈಮಿಗೆ ಎದ್ದು ಕೂತು ಫೋನಿನಲ್ಲಿ ಮಾತಾಡುವವರು. ನಿದ್ದೆಗೆಟ್ಟು ಸಾಕಾಗಿ ಸೀತಾಲಕ್ಷ್ಮಿಯವರ ಟೆರೇಸಿನ ರೂಮಿಗೆ ಬಾಡಿಗೆಗೆ ಬಂದಳು. ನಕ್ಷತ್ರಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ ಎಂದು ಅವಳು ಹೇಳಿದಾಗ ಸೀತಾಲಕ್ಷ್ಮಿಯವರ ಗಂಡ ಗುಂಡಣ್ಣ, "ಟೆರೇಸ್ ರೂಮೇ ಸರಿ ಬಿಡಮ್ಮ, ಆಫೀಸಿಗೆ ಹತ್ತಿರ" ಎಂದಿದ್ದರು. ಸೀತಾಲಕ್ಷ್ಮಿಯವರಿಗೂ ಆ ಹುಡುಗಿಗೂ ಮೊದಲ ವಾರವೇ ಹೊಂದಿಕೆಯಾಯಿತು. ಅವಳ ಮಾತು ಕೇಳುವುದಕ್ಕೇ ಅವರು ಅವಳನ್ನು ಕಾಫಿಗೆ ಕರೆಯುತ್ತಿದ್ದರು. 'ಹಂಗಲ್ರೀ ಆಂಟಿ' ಎಂದು ಅವಳು ಶುರುಮಾಡಿದರೆ ಒಲೆಯ ಮೇಲಿನ ಸಾರು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ.

ಈ ಚುಕ್ಕಿ ಹಾಳೆಗಳ ಉಪಾಯವೂ ಅವಳದೇ. ಮಾರ್ಗಶಿರದಲ್ಲಿ ಇವರೆಲ್ಲ ಬೀದಿ ತುಂಬ ಹಾಕಿದ್ದ ರಂಗೋಲಿಯನ್ನು ಟೆರೇಸಿನಿಂದ ನೋಡಿದ್ದಳಂತೆ. ಸಾಲು ಸಾಲು ಚುಕ್ಕಿಯ ನಡುವೆ ಎಳೆ ಹೋಗುವ ದಾರಿ ಇವರ ಕಣ್ಣಿಗೆ ತಾನಾಗಿ ಕಾಣುತ್ತದಲ್ಲ, ಇಂಥ ಕಣ್ಣು ನನಗೆ ಬೇಕು ಎಂದುಕೊಂಡಳು.

"ನೋಡ್ರೀ," ಎಂದು ಅವಳು ಮಧ್ಯೆ ನಿಂತು ಹೇಳಿದಳು, "ಈ ಚುಕ್ಕಿಯೊಳಗ ಒಂದು ಎಳಿ ಐತಿ. ಎಲ್ಲಿಂದ ಎಲ್ಲಿಗೆ ಹೋಗೇತಿ ಅಂತ ನಿಮ್ಮ ಕಣ್ಣಿಗೆ ಕಾಣ್ತೈತಲ್ಲ, ಹಂಗ ಪೆನ್ಸಿಲಿನಾಗ ಎಳೀರಿ. ಅಷ್ಟ."

"ಏನು ಹುಡುಕ್ತಾ ಇದೀಯ ಅಂತ ಹೇಳಿಬಿಡೇ," ಎಂದರು ಸೀತಾಲಕ್ಷ್ಮಿ.

"ಹೇಳಂಗಿಲ್ರೀ. ಹೇಳಿದ್ರ ನಿಮಗ ಅದ ಕಾಣ್ತೈತಿ. ಇಷ್ಟ ಹೇಳ್ತೀನಿ. ನನ್ನ ನಾಕು ವರ್ಷದ ಕೆಲಸ ಇವತ್ತು ನಿಮ್ಮ ಕೈಯಾಗ ಐತಿ."

ಅಷ್ಟು ಹೇಳಿದ್ದೇ ತಡ, ಎಲ್ಲರೂ ಕನ್ನಡಕ ಒರೆಸಿಕೊಂಡರು. ಅಲಮೇಲು ಮಾತ್ರ, "ಒಂಟಿ ಎಳೆ ನಾನು ಎಳೆಯಲ್ಲ ಕಣಮ್ಮ, ನಮ್ಮನೇಲಿ ಅದು ಅಶುಭಕ್ಕೆ. ಜೋಡಿ ಎಳೆ ಎಳೀತೀನಿ" ಎಂದು ಷರತ್ತು ಹಾಕಿಯೇ ಪೆನ್ಸಿಲು ಹಿಡಿದರು.

ಸೀತಾಲಕ್ಷ್ಮಿ ತಮ್ಮ ಹಾಳೆಯನ್ನು ದೂರ ಹಿಡಿದು ನೋಡಿದರು. ಮೊದಲು ಏನೂ ಇಲ್ಲ, ಬರೀ ಚೆಲ್ಲಾಪಿಲ್ಲಿ. ಕಣ್ಣು ಸ್ವಲ್ಪ ಕಿರಿದು ಮಾಡಿದರೆ, ಅರೆ, ಬಲಗಡೆ ಮೂಲೆಯಿಂದ ಒಂದು ತೆಳ್ಳನೆಯ ದಾರಿ ಏಳುತ್ತಿದೆ. ಬೆಳಗಿನ ಜಾವದಲ್ಲಿ ಇರುವೆ ಸಾಲು ಗೋಡೆಯ ಮೇಲೆ ಕಂಡೂ ಕಾಣದ ಹಾಗೆ ಹೋಗುತ್ತದಲ್ಲ, ಹಾಗೆ. ಪೆನ್ಸಿಲು ಅದರ ಬೆನ್ನು ಹಿಡಿದು ಹೊರಟಿತು. ನಡುವೆ ಒಂದು ಕಡೆ, ದಾರಿ ಎಡಕ್ಕೆ ಬಾಗುವ ಮುಂಚೆ, ಚುಕ್ಕಿಗಳು ಥಟ್ಟನೆ ತೆಳುವಾದವು. ಪೆನ್ಸಿಲು ಒಂದು ಗಳಿಗೆ ತಡವರಿಸಿತು. ಆಮೇಲೆ ಕೈ ತಾನಾಗಿ ಮುಂದೆ ಹೋಯಿತು, ಆ ಕಡೆ ಮತ್ತೆ ಚುಕ್ಕಿಗಳು ಸಿಕ್ಕವು, ಎಳೆ ಸುಸೂತ್ರವಾಗಿ ಮುಗಿಯಿತು. ಎಲ್ಲರದ್ದೂ ಮುಗಿದಾಗ ಒಬ್ಬರ ಹಾಳೆ ಒಬ್ಬರು ನೋಡಿ ಭೇಷ್ ಭೇಷ್ ಎಂದುಕೊಂಡರು. ಎಲ್ಲರ ಎಳೆಯೂ ಒಂದೇ ದಾರಿ ಹಿಡಿದಿತ್ತು.

ಮರುದಿನ ಸಂಜೆ ಶ್ವೇತಾ ಕೆಳಗೆ ಬಂದಾಗ ಸೀತಾಲಕ್ಷ್ಮಿ ಒಗ್ಗರಣೆಗೆ ಇಟ್ಟಿದ್ದರು. ಹುಡುಗಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಮುಗೀತ್ರೀ ಆಂಟಿ."

"ಏನು ಮುಗೀತು? ಗ್ಯಾಸಾ?"

"ನನ್ನ ಕೆಲಸ."

ಸೀತಾಲಕ್ಷ್ಮಿ ಒಲೆ ಆರಿಸಿದರು. ಅವಳು ಅಳುತ್ತಿರಲಿಲ್ಲ, ಅತ್ತು ಮುಗಿಸಿ ಮುಖ ತೊಳೆದು ಬಂದಿದ್ದಳು.

"ಈಗ ಹೇಳಬಹುದ್ರೀ. ಆ ಎಳಿಯೊಳಗ ಒಂದು ಕಡೆ ಸಂದು ಐತಿ, ಎಳಿ ಕಡದೈತಿ ಅಂತ ನನ್ನ ಕಂಪ್ಯೂಟರ್ ಹೇಳಿತ್ತು. ನಮ್ಮ ಗೈಡ್ ಜಯಸಿಂಹ ಸರ್ ಅಂದ್ರು, ಕಂಪ್ಯೂಟರ್ ಹೇಳಿದ್ದಕ್ಕೆಲ್ಲ ಕುಣೀಬಾರದು, ಏನೂ ಗೊತ್ತಿಲ್ಲದ ಮಂದಿ ಕಣ್ಣಿಗೂ ಅದು ಕಂಡ್ರ ಮಾತ್ರ ದೊಡ್ಡ ಟೆಲಿಸ್ಕೋಪಿಗೆ ಅರ್ಜಿ ಹಾಕು ಅಂತ. ಮುಂದಿನ ಸೋಮವಾರ ಕಡೀ ದಿನ. ನೀವೆಲ್ಲಾರೂ ಎಳಿ ಪೂರ್ತಿ ಎಳದೀರಿ. ಒಬ್ಬರಿಗೂ ಸಂದು ಕಂಡಿಲ್ಲ. ಅಂದ್ರ ಅದು ಇಲ್ಲ. ಕಂಪ್ಯೂಟರ್ ಭ್ರಮೆ, ನನ್ನದೂ ಭ್ರಮೆ."

ಸೀತಾಲಕ್ಷ್ಮಿ ಸೌಟು ಹಿಡಿದೇ ಅವಳ ಕಡೆ ತಿರುಗಿದರು.

"ಎಡಕ್ಕೆ ಬಾಗೋ ಮುಂಚೆ. ಅಲ್ವೇನೇ?"

ಶ್ವೇತಾ ತಲೆಯೆತ್ತಿದಳು. "ನಿಮಗ ಹೆಂಗ ಗೊತ್ತು?"

"ಕಂಡಿತ್ತು ಕಣೇ. ಕಂಡಿತ್ತು, ಮುಚ್ಚಿಬಿಟ್ಟೆ." ಅವರು ಸೌಟನ್ನು ಅಲ್ಲೇ ಇಟ್ಟರು. "ಐದು ವರ್ಷದವಳಿಗೆ ನಮ್ಮಮ್ಮ ಕೈ ಹಿಡಿದು ಹೇಳಿಕೊಟ್ಟಿದ್ದು ಅದೊಂದೇ. ಎಳೆ ತುಂಡು ಬಿಟ್ಟು ಏಳಬಾರದು. ಚುಕ್ಕಿ ತಪ್ಪಿದ್ರೂ ಪರವಾಗಿಲ್ಲ, ಸುತ್ತು ಹಾಕಿಯಾದ್ರೂ ತಂದು ಸೇರಿಸು ಅಂತ. ಮಧ್ಯದಲ್ಲಿ ಎಳೆ ಕಡಿದ್ರೆ ಅಮ್ಮ ಕೈ ಮೇಲೆ ಬಾರಿಸೋರು. ನಿನ್ನೆ ಅಲ್ಲಿ ಚುಕ್ಕಿ ಇರಲಿಲ್ಲ. ಆದ್ರೆ ಕೈ ನನ್ನ ಕೇಳಲೇ ಇಲ್ಲ, ಹೋಗೇಬಿಡ್ತು. ನಾನೊಬ್ಬಳೇ ಅಲ್ಲ, ಅಲ್ಲಿದ್ದ ಎಲ್ಲರ ಕೈಯೂ ಅಂಥದ್ದೇ. ನೀನು ಹೋಗಿ ಹೋಗಿ ರಂಗೋಲಿಯವರನ್ನ ಕರೆದೆಯಲ್ಲೇ!"

ಒಂದು ಗಳಿಗೆ ಹುಡುಗಿಯ ಮುಖ ದೀಪ ಹಚ್ಚಿದ ಹಾಗಾಯಿತು. ಮರುಗಳಿಗೆ ಆರಿತು.

"ಆದ್ರ ನಾ ಈಗ ಬಾಯಿಬಿಟ್ಟೀನಿ. ಬಾಯಿಬಿಟ್ಟ ಮ್ಯಾಲೆ ನೀವು ಕಂಡೆ ಅಂದ್ರ ಅದು ಸಾಕ್ಷಿ ಆಗಂಗಿಲ್ರೀ."

"ಒಂದು ಸಂದಿಗೆ ಇಷ್ಟು ಯಾಕೆ ಒದ್ದಾಡ್ತೀಯ? ನಕ್ಷತ್ರ ಇಲ್ಲ ಅಂದ್ರೆ ಇಲ್ಲ. ಅದರಲ್ಲೇನಿದೆ?"

ಶ್ವೇತಾ ಕಟ್ಟೆಯ ಮೇಲೆ ಹತ್ತಿ ಕೂತಳು. ಹೀಗೆ ಕೂತಳೆಂದರೆ 'ಹಂಗಲ್ರೀ' ಬರುತ್ತದೆ ಎಂದೇ ಅರ್ಥ.

"ಹಂಗಲ್ರೀ ಆಂಟಿ. ಒಂದು ಕಾಲಕ್ಕ ಆ ನಕ್ಷತ್ರ ಎಲ್ಲಾ ಒಂದು ಗೊಂಚಲು ಆಗಿ ಕೂಡಿದ್ದವು. ನಮ್ಮ ಆಕಾಶಗಂಗಿ ಅವನ್ನ ಎಳದು ಎಳದು ಹಿಂಗ ದಾರ ಮಾಡೇತಿ. ಬೆಳಕು ಆ ದಾರದ ಈ ತುದಿ ಬಿಟ್ಟು ಆ ತುದಿ ಮುಟ್ಟಬೇಕಂದ್ರ ಮೂವತ್ತು ಸಾವಿರ ವರ್ಷ ಬೇಕು. ಅಂಥಾ ದಾರ, ಸುಮ್ಮ ಸುಮ್ಮನ ಹರೀತೈತೇನ್ರಿ? ನಿನ್ನೆ ಈಸ್ಟ್ ಎಂಡ್ ಸಿಗ್ನಲ್ಲಿನಾಗ ನೋಡಿದ್ರಿಲ್ಲೋ, ಗಾಡಿ ಸಾಲಿನ ನಟ್ಟನಡುವ ಆಕಳ ಬಂತು."

"ಹೂಂ, ಎಲ್ಲರೂ ಹಿಂದೆ ಮುಂದೆ ಸರಿದು ದಾರಿ ಬಿಟ್ರು. ನಮ್ಮ ಆಟೋದವನು ಅದಕ್ಕೆ 'ಮೇಡಂ' ಅಂದ."

"ಆಕಳ ಹೋತು. ಸಾಲಿನಾಗ ಸಂದು ಉಳೀತು. ಮ್ಯಾಲಿಂದ ಯಾರರೆ ಆಮ್ಯಾಲೆ ಒಂದು ಫೋಟೋ ತಗದ್ರ, ಆಕಳ ಕಾಣಂಗಿಲ್ಲ, ಸಂದು ಕಾಣ್ತೈತಿ. ಇಲ್ಲೂ ಹಂಗ. ಆದ್ರ ಈ ಆಕಳ ಎದುರಿಗೆ ನಿಂತ್ರೂ ಕಾಣಂಗಿಲ್ಲ."

"ಅಂದ್ರೆ?"

"ಡಾರ್ಕ್ ಮ್ಯಾಟರ್ ಅಂತಾರ. ಕಪ್ಪಗ ಐತಿ ಅಂತಲ್ಲ. ಬೆಳಕು ಅದಕ್ಕ ತಾಗಂಗಿಲ್ಲ, ಅದು ಬೆಳಕ ಕೊಡಂಗಿಲ್ಲ. ತೂಕ ಐತಿ, ಅಷ್ಟ. ಜಗತ್ತಿನಾಗ ನಮ್ಮಂಥಾ ವಸ್ತು, ಅಂದ್ರ ನೀವು, ನಾನು, ಸೂರ್ಯ, ಒಗ್ಗರಣಿ, ಇವೆಲ್ಲಾ ಕೂಡಿ ಒಂದು ಪಾಲಾದ್ರ, ಅದು ಐದು ಪಾಲು ಐತಿ. ಅದರದೊಂದು ಮುದ್ದಿ, ಹತ್ತಿಪ್ಪತ್ತು ಲಕ್ಷ ಸೂರ್ಯರ ತೂಕದ್ದು, ಆ ಎಳಿ ದಾಟಿ ಹೋಗೇತಿ. ಅದರೊಳಗ ಒಂದು ನಕ್ಷತ್ರ ಸಹಿತ ಹುಟ್ಟಿಲ್ಲ. ಅದು ಅಲ್ಲಿತ್ತು ಅನ್ನೋದಕ್ಕ ಆ ಸಂದು ಒಂದ ಗುರುತು."

"ಬೇರೆ ಏನಾದ್ರೂ ಕಡಿದಿದ್ರೆ? ಮೋಡ ಗೀಡ?"

"ಗ್ಯಾಸಿನ ಮೋಡ ಕಡೀತಾವ್ರೀ, ಹೌದು. ಆದ್ರ ಈ ಎಳಿ ಇರೋ ದೂರಕ್ಕ ಅಂಥಾ ಮೋಡ ಹೋಗಂಗಿಲ್ಲ. ಅದಕ್ಕ ನಾ ಈ ಎಳೀನ ಹಿಡಕೊಂಡು ಕೂತೀನಿ."

ಸೀತಾಲಕ್ಷ್ಮಿ ಒಗ್ಗರಣೆಯ ಬಾಣಲೆಯನ್ನು ಪಕ್ಕಕ್ಕಿಟ್ಟರು. ಹೊರಗೆ ತಿಲಕನಗರದ ಕಡೆಯ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು.

"ಅದು ಬರೀ ಅಲ್ಲಿರೋದಾ?"

"ಇಲ್ಲೂ ಐತ್ರೀ. ಈ ಅಡಿಗಿಮನಿಯಾಗೂ. ಗ್ವಾಡಿ ದಾಟಿ, ನಮ್ಮನ್ನ ದಾಟಿ ಹೋಗ್ತಾನ ಇರ್ತೈತಿ ಅಂತ ಲೆಕ್ಕ ಹೇಳ್ತೈತಿ. ನಮಗ ಗೊತ್ತಾಗಂಗಿಲ್ಲ."

ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಅರಿಶಿನದ ಕಲೆ, ಚಾಕು ತಾಗಿದ ಹಳೆಯ ಗೀರು. ಇದರ ಮೂಲಕ, ಈಗ, ಈ ನಿಮಿಷ. ಅಷ್ಟು ದೊಡ್ಡದೊಂದು ಬಂದು ಹೋದದ್ದಕ್ಕೆ ಜಗತ್ತಿನಲ್ಲಿ ಉಳಿದಿದ್ದ ಗುರುತು ಒಂದು ಖಾಲಿ ಜಾಗ, ಅದನ್ನು ತಮ್ಮ ಕೈಯೇ ಪೆನ್ಸಿಲಿನಿಂದ ಮುಚ್ಚಿಬಿಟ್ಟಿತ್ತು.

"ಏಳು," ಎಂದರು. "ಇನ್ನೊಂದು ಸಲ ಕೂರಿಸೋಣ. ಅವರ್ಯಾರಿಗೂ ಗೊತ್ತಿಲ್ಲವಲ್ಲ?"

ಶ್ವೇತಾ ತನ್ನ ಜೊತೆ ಕೆಲಸ ಮಾಡುವ ವಿಶ್ರುತನಿಗೆ ಫೋನ್ ಮಾಡಿದಳು. ಜೆ.ಪಿ. ನಗರದ ಹುಡುಗ, ಅರ್ಧ ಗಂಟೆಯೊಳಗೆ ಬೈಕಿನಲ್ಲಿ ಬಂದ, ಸೀತಾಲಕ್ಷ್ಮಿಯವರ ಅನ್ನ-ಸಾರು ಉಂಡ, ಉಣ್ಣುತ್ತಲೇ ಉಪಾಯ ಹೇಳಿದ.

"ಸಖತ್ ಸಿಂಪಲ್. ಈ ಸಲ ಒಂದು ಹಾಳೆ ಅಲ್ಲ, ಒಂದು ಕಟ್ಟು ಕೊಡೋಣ. ಅದರಲ್ಲಿ ಒಂದೇ ಒಂದು ಅಸಲಿ. ಮಿಕ್ಕಿದ್ದೆಲ್ಲ ಕಂಪ್ಯೂಟರ್ ಮಾಡಿದ ನಕಲಿ ಎಳೆ. ಕೆಲವು ಕಡಿದಿರುತ್ತೆ, ಕೆಲವು ಇಡಿಯಾಗಿರುತ್ತೆ. ತಲೆಕೆಳಗೆ, ಅಡ್ಡಡ್ಡ ತಿರುಗಿಸಿ ಕಲಸಿಬಿಡೋಣ. ಯಾವುದು ಯಾವುದು ಅಂತ ಕಂಪ್ಯೂಟರಿಗೆ ಮಾತ್ರ ಗೊತ್ತು, ನನಗೂ ಗೊತ್ತಿರಲ್ಲ. 'ಎಳೆ ಇದ್ದ ಕಡೆ ಎಳೀರಿ, ಇಲ್ಲದ ಕಡೆ ಬಿಡಿ' ಅಂತ ಎಲ್ಲರಿಗೂ ಹೇಳೋಣ. ನಕಲಿಯಲ್ಲಿ ಸರಿಯಾಗಿ ಹೇಳಿದವರು ಅಸಲಿಯಲ್ಲೂ ಬಿಟ್ರೆ, ಜಯಸಿಂಹ ಸರ್ ಒಪ್ಪಲೇಬೇಕು. ಆದ್ರೆ ಆಂಟಿ, ನೀವು ಔಟ್. ನಿಮಗೆ ಗೊತ್ತಾಗಿಬಿಟ್ಟಿದೆ. ಶ್ವೇತಾನೂ ಔಟ್, ಅವಳಿಗೆ ಆ ಎಳೆ ಕನಸಲ್ಲೂ ಬರುತ್ತೆ. ನೀವಿಬ್ಬರೂ ಅಡುಗೆಮನೆಯಿಂದ ಈಚೆ ಬರೋ ಹಾಗಿಲ್ಲ."

ಉಪಾಯವೇನೋ ಸರಿ. ಆದರೆ ಎಳೆ ಬಿಡುವ ಕೈ ಎಲ್ಲಿಂದ ತರುವುದು? ಮರುದಿನ ಪಾರ್ಕಿನಲ್ಲಿ ಸೀತಾಲಕ್ಷ್ಮಿ ವಿಷಯ ತೆಗೆದದ್ದೇ ತಡ, ಅಲಮೇಲು ನಡೆಯುತ್ತಿದ್ದವರು ನಿಂತರು.

"ಬಿಡೋದಾ? ಎಳೆಯನ್ನ ಮಧ್ಯಕ್ಕೆ ಬಿಡೋದಾ? ನನ್ನ ಕೈಲಾಗಲ್ಲಮ್ಮ. ಈ ವಯಸ್ಸಲ್ಲಿ ಯಾವ ಅನಿಷ್ಟ ಮೈಮೇಲೆ ಎಳ್ಕೊಳ್ಲಿ?"

"ನೆಲದ ಮೇಲಲ್ವಲ್ರೀ, ಕಾಗದದ ಮೇಲೆ."

"ಕಾಗದ ಆದ್ರೇನು, ಕೈ ನನ್ನದೇ ತಾನೇ?"

"ನಾನ್ ಮಾಡ್ತೀನಿ ಬುಡಿ," ಎಂದರು ತಿಮ್ಮಕ್ಕ ಹುರುಪಿನಿಂದ. "ಎಷ್ಟು ಕಡೆ ಕಡೀಬೇಕು ಯೋಳಿ. ಕಡಿಯಾದು ಅಂದ್ರೆ ನಂಗೆ ಭಾಳ ಇಷ್ಟ."

"ಕಡಿಯೋ ಕೆಲಸ ಅಲ್ಲ ತಿಮ್ಮಕ್ಕ, ಇದ್ದಿದ್ದನ್ನ ಇದ್ದ ಹಾಗೆ ತೋರಿಸೋದು."

ಯಾಕೆ ಎಂದು ಹೇಳುವ ಹಾಗಿಲ್ಲ. ಹೇಳಿದರೆ ಕೆಲಸ ಕೆಟ್ಟಿತು. ಅಲಮೇಲು ಬರಲಿಲ್ಲವೆಂದರೆ ಅವರ ಹಿಂದೆ ಇರುವ ಅರ್ಧ ಗುಂಪೂ ಬರುವುದಿಲ್ಲ. ಸೀತಾಲಕ್ಷ್ಮಿ ಮಾತು ಹುಡುಕುತ್ತ ಅವರ ಜೊತೆಗೇ ನಡೆದರು. ಹೊಂಗೆಮರದ ತಿರುವಿನ ಹತ್ತಿರ ಅವರಿಗೆ ತಾವೇ ಯೋಚಿಸಿರದಿದ್ದ ಮಾತೊಂದು ಬಾಯಿಗೆ ಬಂತು.

"ಅಲಮೇಲು, ಮನೇಲಿ ತಿಥಿ ದಿನ ಹೊಸಿಲ ಮುಂದೆ ಏನು ಹಾಕ್ತೀರಿ?"

"ಇದೇನು ಕೇಳ್ತೀರಿ ಬೆಳಬೆಳಿಗ್ಗೆ? ಏನೂ ಹಾಕಲ್ಲ. ಸಾರಿಸಿ ಬಿಡ್ತೀವಿ. ಎಲ್ಲ ಮುಗಿದ ಮೇಲೇ ರಂಗೋಲಿ."

"ಯಾಕೆ?"

"ಯಾಕಂದ್ರೆ... ಪಿತೃಗಳು ಬರೋ ದಾರಿ ಅದು. ಅವರು ಬರ್ತಾರೆ ಅಂತ ಬಿಡ್ತೀವಿ."

"ಕಾಣ್ತಾರಾ?"

"ಕಾಣ್ತಾರೇನ್ರೀ ಎಲ್ಲಾದ್ರೂ!"

"ಹಾಗಾದ್ರೆ ಖಾಲಿ ಬಿಟ್ಟ ಹೊಸಿಲು ಅಂದ್ರೆ ಅಲ್ಲಿ ಯಾರೂ ಇಲ್ಲ ಅಂತಲ್ಲ. ಅಲ್ವಾ?"

ಅಲಮೇಲು ಪಾರ್ಕಿನ ಇನ್ನೊಂದು ಇಡೀ ಸುತ್ತು ಒಂದೂ ಮಾತಾಡದೆ ನಡೆದರು. ಅವರು ಹಾಗೆ ಸುಮ್ಮನಿದ್ದದ್ದನ್ನು ಗುಂಪಿನಲ್ಲಿ ಯಾರೂ ಕಂಡಿರಲಿಲ್ಲ. ಗೇಟಿನ ಹತ್ತಿರ ಚಪ್ಪಲಿಯ ಮಣ್ಣು ಕೊಡವುತ್ತ, "ಎಷ್ಟು ಗಂಟೆಗೆ ಬರ್ಲಿ?" ಎಂದರು. "ಜೋಡಿ ಎಳೆ ಮಾತ್ರ ಬಿಡಲ್ಲ, ಈಗಲೇ ಹೇಳಿದೀನಿ."

ಶನಿವಾರ ಮಧ್ಯಾಹ್ನ ಮತ್ತೆ ಎಲ್ಲರೂ ಸೇರಿದರು. ಗುಂಡಣ್ಣನವರು ಪೇಪರಿನ ಸಮೇತ ಬಾಲ್ಕನಿಗೆ ಗಡೀಪಾರಾದರು. ವಿಶ್ರುತ ಹಾಳೆಯ ಕಟ್ಟುಗಳನ್ನು ಹಂಚಿ, ಹೇಳಬೇಕಾದಷ್ಟನ್ನೇ ಹೇಳಿ, ಪರೀಕ್ಷೆಯ ಮೇಲ್ವಿಚಾರಕನ ಹಾಗೆ ಬಾಗಿಲಲ್ಲಿ ನಿಂತ. ಸೀತಾಲಕ್ಷ್ಮಿ, ಶ್ವೇತಾ ಅಡುಗೆಮನೆಯೊಳಗೆ. ಡಿಕಾಕ್ಷನ್ ತೊಟ್ಟಿಕ್ಕುವ ಸದ್ದೂ ಜೋರೆನಿಸುತ್ತಿತ್ತು.

"ನಾ ಈ ಕಡೆ ಮಾರಿ ಮಾಡಿ ನಿಂದರ್ತೀನ್ರೀ," ಎಂದು ಶ್ವೇತಾ ಕಿಟಕಿಗೆ ತಿರುಗಿ ನಿಂತಳು. "ನೋಡಿದ್ರ ನನ್ನ ಎದಿ ಒಡೀತೈತಿ."

ಸೀತಾಲಕ್ಷ್ಮಿಗೆ ಆ ಧೈರ್ಯವಿರಲಿಲ್ಲ, ಅಂದರೆ ನೋಡದೆ ಇರುವ ಧೈರ್ಯ. ಮಂಡಿ ನೋವೆಂದು ಅಲಮೇಲು ಊಟದ ಮೇಜಿನ ಹತ್ತಿರ ಕುರ್ಚಿ ಹಾಕಿಸಿಕೊಂಡಿದ್ದರು, ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ. ಬಾಗಿಲ ಪರದೆಯ ಸಂದಿಯಿಂದ ಅವರ ಭುಜ, ಭುಜದಾಚೆಗೆ ಹಾಳೆ, ಹಾಳೆಯ ಮೇಲೆ ಎರಡು ಹಸಿರು ಬಳೆಯ ಕೈ ಕಾಣುತ್ತಿತ್ತು. ಕೈ ಹಾಳೆಯಿಂದ ಹಾಳೆಗೆ ಹೋಗುತ್ತಿತ್ತು. ಒಂದರಲ್ಲಿ ಇಡೀ ಎಳೆ. ಇನ್ನೊಂದರಲ್ಲಿ ಕೈ ಹಿಂಜರಿದು, ಕೊನೆಗೆ ಮುಚ್ಚಿಯೇಬಿಟ್ಟಿತು. ಸೀತಾಲಕ್ಷ್ಮಿ ತುಟಿ ಕಚ್ಚಿಕೊಂಡರು. ನಕಲಿಯೋ ಅಸಲಿಯೋ, ಕಣ್ಣಿಗೆ ಕಂಡದ್ದನ್ನು ಮುಚ್ಚುವ ಆ ಹಳೆಯ ಚಾಳಿ ಇನ್ನೂ ಕೈಯಲ್ಲೇ ಇತ್ತು.

ಅಲಮೇಲು ಆಮೇಲಿನ ಹಾಳೆ ತಿರುವಿದಾಗ ಸೀತಾಲಕ್ಷ್ಮಿ ಪರದೆಯ ಸಂದಿಗೆ ಇನ್ನಷ್ಟು ಬಗ್ಗಿದರು. ತಲೆಕೆಳಗಾಗಿತ್ತು. ಬಲಕ್ಕಿದ್ದದ್ದು ಎಡಕ್ಕೆ ಬಂದಿತ್ತು. ಆದರೆ ಒಂದು ಸಲ ಕೈಯಾರೆ ಎಳೆದ ಎಳೆ ಯಾವ ಕಡೆಯಿಂದ ನೋಡಿದರೂ ಗುರುತು ಸಿಗದೆ ಇರುತ್ತದೆಯೇ? ಅದೇ. ಅಸಲಿ ಅದೇ.

ಕೆಮ್ಮಬೇಕೆನಿಸಿತು, ಕೆಮ್ಮಲಿಲ್ಲ. ಪರದೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅಲಮೇಲುವಿನ ಪೆನ್ಸಿಲು ಹೊರಟಿತು. ನಿಧಾನ, ಅವಸರವಿಲ್ಲ, ಚುಕ್ಕಿಯ ನಡುವೆ ಚುಕ್ಕಿಗೆ ನೋವಾಗದ ಹಾಗೆ. ತಿರುವಿನ ಹತ್ತಿರ ಬಂತು. ನಿಂತಿತು. ತುದಿ ಕಾಗದದ ಮೇಲೇ ಇತ್ತು. ಬಳೆಗಳೂ ನಿಂತವು. ಅಲಮೇಲು ಹಾಳೆಯನ್ನು ಸ್ವಲ್ಪ ದೂರ ಸರಿಸಿ ನೋಡಿದರು, ಹತ್ತಿರ ತಂದು ನೋಡಿದರು. ಆಮೇಲೆ, ಹುಟ್ಟಿದಾಗಿನಿಂದ ಮಧ್ಯಕ್ಕೆ ಎದ್ದು ಅಭ್ಯಾಸವಿಲ್ಲದ ಆ ಕೈ, ಕಾಗದವನ್ನು ಬಿಟ್ಟು ಮೇಲೆದ್ದಿತು. ಕೆಳಗೆ ಏನೋ ಮಲಗಿದೆ, ತುಳಿಯಬಾರದು ಎಂಬ ಹಾಗೆ ಗಾಳಿಯಲ್ಲಿ ಎರಡು ಬೆರಳಷ್ಟು ದೂರ ದಾಟಿತು. ಆ ಕಡೆ ಇಳಿಯಿತು. ಮುಂದೆ ನಡೆಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಜೋಡಿ ಎಳೆಯವರಲ್ಲವೇ, ಮೊದಲಿನಿಂದ ಇನ್ನೊಂದು ಎಳೆ ಶುರುಮಾಡಿದರು. ಅದೂ ಅಲ್ಲಿಗೆ ಬಂತು. ಅಲ್ಲೇ ಎದ್ದಿತು. ಅಷ್ಟೇ ದೂರ ದಾಟಿತು.

ಸೀತಾಲಕ್ಷ್ಮಿ ಹಿಂದಕ್ಕೆ ಸರಿದು ಗೋಡೆಗೆ ಆತುಕೊಂಡರು. ಕಣ್ಣು ತುಂಬಿತ್ತು. ಶ್ವೇತಾ ಕಿಟಕಿಯಿಂದ ತಿರುಗಿ, "ಏನಾತ್ರೀ?" ಎಂದು ಬರೀ ತುಟಿಯಲ್ಲಿ ಕೇಳಿದಳು. ಅವರು ಹೇಳುವ ಹಾಗಿರಲಿಲ್ಲ. ತಲೆ ಅಡ್ಡಡ್ಡ ಆಡಿಸಿ, ಫಿಲ್ಟರಿನ ಮೇಲೆ ಇನ್ನಷ್ಟು ಬಿಸಿನೀರು ಹಾಕಿದರು.

ಕಾಫಿಯಾಯಿತು, ಕೋಡುಬಳೆಯಾಯಿತು. ವಿಶ್ರುತ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿ ಮೇಜಿನ ಹತ್ತಿರ ಕೂತ. ಯಾರೂ ಮನೆಗೆ ಹೋಗಲಿಲ್ಲ. ಏನು ಪರೀಕ್ಷೆ ಎಂದು ತಿಳಿಯದಿದ್ದರೂ ಫಲಿತಾಂಶ ತಿಳಿಯದೆ ಏಳುವ ಪೈಕಿಯಲ್ಲ ಅವರು. ಕಂಪ್ಯೂಟರು ಬಚ್ಚಿಟ್ಟುಕೊಂಡಿದ್ದ ಗುಟ್ಟನ್ನು ಅವನು ತೆರೆದ. ಲ್ಯಾಪ್‌ಟಾಪಿನ ಪರದೆಯ ಮೇಲೆ ಅಸಲಿ ಎಳೆ ಮೂಡಿತು, ಅದರ ಮೇಲೆ ಒಬ್ಬೊಬ್ಬರ ಪೆನ್ಸಿಲಿನ ಗೆರೆಗಳು ಒಂದರ ಮೇಲೊಂದು ಬಂದು ಕೂತವು. ಎಲ್ಲವೂ ಸೇರಿ ಒಂದು ದಟ್ಟನೆಯ ಎಳೆ. ನಡುವೆ, ತಿರುವಿನ ಹತ್ತಿರ, ಶುಭ್ರವಾದ ಬಿಳಿ.

"ಗುರು..." ಎಂದ ವಿಶ್ರುತ. ಲ್ಯಾಪ್‌ಟಾಪನ್ನು ಶ್ವೇತಾಳ ಕಡೆ ತಿರುಗಿಸಿದ.

"ನಕಲಿ ಇಡೀ ಎಳಿಯೊಳಗ?" ಎಂದು ಕೇಳಿದಳು ಶ್ವೇತಾ. "ಅಲ್ಲೂ ಬಿಟ್ಟಾರೇನು? ಅದ ನೋಡು ಮೊದಲ."

"ಇಲ್ಲ. ಇಡಿಯಾಗಿದ್ದಿದ್ದನ್ನ ಇಡಿಯಾಗೇ ಎಳೆದಿದಾರೆ. ಕಡಿದಿದ್ದರಲ್ಲೂ ಒಂದೆರಡು ಮುಚ್ಚಿದ್ದು ಬಿಟ್ರೆ ಮಿಕ್ಕಿದ್ದೆಲ್ಲ ಸರಿ. ಇಲ್ಲಿ ಒಬ್ಬರು ಮಾತ್ರ ಸಿಕ್ಕಸಿಕ್ಕ ಕಡೆ ಕಡಿದಿದಾರೆ."

"ಅದು ನಂದೇಯಾ," ಎಂದರು ತಿಮ್ಮಕ್ಕ. "ಎಲ್ಲೂ ಬುಡಬಾರದು ಅಂತ ಕಡ್ದೆ."

ಮನೆಯೆಲ್ಲ ನಗುವಾಯಿತು. ತಿಮ್ಮಕ್ಕನ ಹಾಳೆಗಳನ್ನು ಪಕ್ಕಕ್ಕಿಟ್ಟರು. ಹೋದ ವಾರದ ಮುಚ್ಚಿದ ಎಳೆಗಳನ್ನೂ ಬಿಡುವುದಿಲ್ಲ, ಅವು ಯಾಕೆ ಮುಚ್ಚಿದವು ಎಂಬುದನ್ನೂ ಅರ್ಜಿಯಲ್ಲಿ ಬರೆಯುತ್ತೇನೆ ಎಂದಳು ಶ್ವೇತಾ. ಜಯಸಿಂಹ ಸರ್‌ಗೆ ಫೋನ್ ಹೋಯಿತು. ಅವಳು ಬಾಲ್ಕನಿಯಲ್ಲಿ ನಿಂತು ಬಹಳ ಹೊತ್ತು 'ಹೌದು ಸರ್, ಇಲ್ಲ ಸರ್, ಕಳಿಸೀನಿ ಸರ್' ಎಂದಳು. ಒಳಗೆ ಬಂದಾಗ ಕಾಲು ನೆಲದ ಮೇಲಿರಲಿಲ್ಲ. "ಹಾಕು ಅಂದ್ರು," ಎಂದಳು. "ಅರ್ಜಿ ಹಾಕು ಅಂದ್ರು."

ಆಗಷ್ಟೇ ಅವಳು ಎಲ್ಲರಿಗೂ ಬಿಡಿಸಿ ಹೇಳಿದಳು. ಗೊಂಚಲು, ದಾರ, ಕಾಣದ ಭಾರ, ಅದು ದಾಟಿ ಹೋದದ್ದು, ದಾಟಿದ ಕಡೆ ನಕ್ಷತ್ರಗಳು ಹಿಂದೆ ಮುಂದೆ ಸರಿದು ಬಿಟ್ಟುಕೊಟ್ಟ ದಾರಿ.

"ಯಾವಾಗ ಹೋಗಿದ್ದು ಅದು?" ಅಲಮೇಲು ಕೇಳಿದರು.

"ಸಂದಿನ ಅಗಲ ನೋಡಿದ್ರ, ಐವತ್ತು ಕೋಟಿ ವರ್ಷದ ಹಿಂದ ಇರಬಹುದ್ರೀ."

"ಆಗ ಇಲ್ಲಿ ಏನಿತ್ತು?"

"ಮನಷ್ಯಾರಿಲ್ಲ, ಗಿಡ ಇಲ್ಲ, ನೆಲದ ಮ್ಯಾಲೆ ಒಂದು ಹುಲ್ಲಕಡ್ಡಿ ಇಲ್ಲ." ಶ್ವೇತಾ ಒಂದು ಗಳಿಗೆ ಯೋಚಿಸಿದಳು. "ಲಾಲ್‌ಬಾಗಿನ ಬಂಡೆಗಲ್ಲು ಇತ್ತು. ಅದು ಅದಕ್ಕೂ ಹಳೇದು."

ಅದೊಂದು ಮಾತು ಎಲ್ಲರನ್ನೂ ಹಿಡಿದು ನಿಲ್ಲಿಸಿತು. ಆ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿನ್ನದವರು ಅಲ್ಲಿ ಯಾರೂ ಇರಲಿಲ್ಲ. ಬೋಳು ಬಂಡೆ, ಸುತ್ತ ಒಂದು ಹಸಿರೂ ಇಲ್ಲ, ಮೇಲೆ ಆಕಾಶ, ಆಕಾಶದಲ್ಲಿ ಯಾರ ಕಣ್ಣಿಗೂ ಬೀಳದೆ ಏನೋ ಒಂದು ನಕ್ಷತ್ರಗಳ ಎಳೆಯನ್ನು ಹಾಯ್ದು ಹೋಗುತ್ತಿದೆ. ನೋಡಲು ಯಾರೂ ಇರಲಿಲ್ಲ. ಇದ್ದಿದ್ದರೂ ಕಾಣುತ್ತಿರಲಿಲ್ಲ.

"ಈಗ ಎಲ್ಲೈತೆ ಅದು?" ತಿಮ್ಮಕ್ಕನ ದನಿ ತಗ್ಗಿತ್ತು.

"ಗೊತ್ತಿಲ್ರೀ. ಯಾರಿಗೂ ಗೊತ್ತಿಲ್ಲ."

ಅಲಮೇಲು ಮೇಜಿನ ಮೇಲಿದ್ದ ತಮ್ಮ ಹಾಳೆಯನ್ನು ಎತ್ತಿಕೊಂಡರು. ಜೋಡಿ ಎಳೆ ನಿಂತ ಕಡೆ, ಆ ಎರಡು ಬೆರಳಗಲದ ಬಿಳಿಯನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಆಂಟಿ, ಅದು ದೇವರಲ್ರೀ," ಎಂದಳು ಶ್ವೇತಾ ಮೆಲ್ಲಗೆ.

"ಗೊತ್ತು ಕಣಮ್ಮ. ದೇವರು ಅಂತ ನಾನೆಲ್ಲಿ ಅಂದೆ? ದೊಡ್ಡದು ಅಂದೆಯಲ್ಲ, ಸಾಕು."

ಯಾರೂ ನಗಲಿಲ್ಲ.

ಅರ್ಜಿ ತುಂಬುವುದಕ್ಕೆ ಸಂಜೆಯಾಯಿತು. ಹೆಂಗಸರೆಲ್ಲ ಅವಳ ಕುರ್ಚಿಯ ಹಿಂದೆ ಒತ್ತಿಕೊಂಡು ನಿಂತರು. ಬಾಲ್ಕನಿಯಿಂದ ಬಿಡುಗಡೆಯಾದ ಗುಂಡಣ್ಣನವರೂ ಕನ್ನಡಕ ಏರಿಸಿಕೊಂಡು ಸೇರಿಕೊಂಡರು. ಪರದೆಯಲ್ಲಿ ಇಂಗ್ಲಿಷಿನ ಸಾಲುಗಳ ನಡುವೆ ಆಕಾಶದ ಒಂದು ತುಂಡಿತ್ತು, ತುಂಡಿನ ಮಧ್ಯೆ ಸಣ್ಣದೊಂದು ಚೌಕ. ದುರ್ಬೀನನ್ನು ಎಲ್ಲಿಗೆ ತಿರುಗಿಸಬೇಕು ಎಂದು ತೋರಿಸುವ ಚೌಕ ಅದು.

"ಅದರೊಳಗೆ ಏನೂ ಇಲ್ಲವಲ್ಲಮ್ಮ," ಎಂದರು ಗುಂಡಣ್ಣ.

"ಅದಕ್ಕೇ ರೀ," ಎಂದರು ಸೀತಾಲಕ್ಷ್ಮಿ. "ಪ್ರಪಂಚದ ಅಷ್ಟು ದೊಡ್ಡ ದುರ್ಬೀನನ್ನ ಏನೂ ಇಲ್ಲದ ಕಡೆಗೆ ತಿರುಗಿಸಿ ಅಂತ ಕೇಳ್ತಾ ಇದಾಳೆ ನಮ್ಮ ಹುಡುಗಿ. ಸುಮ್ನೆ ನಿಂತ್ಕೊಳ್ಳಿ."

ಶ್ವೇತಾ ಒಂದು ಸಲ ಹಿಂತಿರುಗಿ ಅವರ ಮುಖ ನೋಡಿದಳು. ಆಮೇಲೆ ಗುಂಡಿ ಒತ್ತಿದಳು.